ಆರನೇ ಇಯತ್ತೆಗೆ ವಿದೇಶಿ ಭಾಷೆ: ಯಾವುದನ್ನು ಆರಿಸುವುದು, ಏನನ್ನು ವಿಚಾರಿಸುವುದು?

ಹಿಂದವಾಡಿಯ ತಾಯಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬರುವ ಶೈಕ್ಷಣಿಕ ವರ್ಷದಲ್ಲಿ ಆರನೇ ಇಯತ್ತೆಗೆ ಹೋಗುತ್ತಾಳೆ. ಅವಳು ಓದುವುದು ಸಿಬಿಎಸ್‌ಇ ಪಠ್ಯಕ್ರಮದ ಶಾಲೆಯಲ್ಲಿ. ಮೊದಲ ಭಾಷೆ ಇಂಗ್ಲಿಷ್, ಎರಡನೆಯದು ಕನ್ನಡ. ಮೂರನೆಯ ಭಾಷೆಗೆ ಹಿಂದಿ, ಸಂಸ್ಕೃತ, ಫ್ರೆಂಚ್, ಜರ್ಮನ್ ಎಂಬ ನಾಲ್ಕು ಆಯ್ಕೆಗಳಿರುವ ನಮೂನೆಯನ್ನು ಶಾಲೆಯವರು ಮನೆಗೆ ಕಳಿಸಿದ್ದು, ತಿಂಗಳ ಕೊನೆಯೊಳಗೆ ಒಂದಕ್ಕೆ ಗುರುತು ಹಾಕಿ, ಸಹಿ ಮಾಡಿ ಮರಳಿಸಬೇಕಾಗಿದೆ. ಒಮ್ಮೆ ಆರಿಸಿದ ಭಾಷೆಯನ್ನು ನಡುವೆ ಬದಲಿಸಲು ಅವಕಾಶವಿಲ್ಲ ಎಂಬ ಸೂಚನೆಯೂ ಅದರ ಕೆಳಗಿದೆ.

ಮನೆಯಲ್ಲಿ ನಾವು ಮಾತನಾಡುವುದು ಕನ್ನಡ. ಓಣಿಯ ಗೆಳತಿಯರೊಡನೆ ಆಡುವಾಗ ಮಗಳ ಬಾಯಲ್ಲಿ ಮರಾಠಿ ಸರಾಗವಾಗಿ ಬರುತ್ತದೆ. ಹಿಂದಿ ಕೇಳಿದರೆ ಪೂರ್ತಿ ತಿಳಿಯುತ್ತದೆ, ಓದಲೂ ಬರುತ್ತದೆ. ಪುಣೆಯಲ್ಲಿ ನೌಕರಿ ಮಾಡುವ ನನ್ನ ಮೈದುನ ಜರ್ಮನ್ ಕೊಡಿಸಿರಿ, ಮುಂದೆ ಇಂಜಿನಿಯರಿಂಗ್ ಓದುವಾಗ ಅನುಕೂಲವಾಗುತ್ತದೆ ಎನ್ನುತ್ತಾನೆ. ಅತ್ತೆಯವರ ಮನಸ್ಸು ಸಂಸ್ಕೃತದ ಮೇಲಿದೆ. ಅಂಕಗಳು ಎಲ್ಲಿ ಹೆಚ್ಚು ಬರುತ್ತವೆಯೋ ಅದನ್ನೇ ತೆಗೆದುಕೊಳ್ಳಲಿ ಎಂಬುದು ನಮ್ಮ ಯಜಮಾನರ ಮಾತು. ಮಗಳಂತೂ "ಅವ್ವಾ, ನನ್ನ ಗೆಳತಿ ಫ್ರೆಂಚ್ ತಗೋತಾಳ, ನಾನೂ ಅದನ್ನ ತಗೋತೀನಿ" ಎಂದು ಹಟ ಹಿಡಿದಿದ್ದಾಳೆ.

ನಾನು ಕೇಳುವುದಿಷ್ಟು. ವಿದೇಶಿ ಭಾಷೆಯನ್ನು ಈ ವಯಸ್ಸಿನಲ್ಲಿ ಶಾಲೆಯಲ್ಲಿ ಕಲಿತರೆ ಮಗುವಿಗೆ ನಿಜವಾಗಿ ಏನು ದಕ್ಕುತ್ತದೆ? ಫ್ರೆಂಚ್ ಮತ್ತು ಜರ್ಮನ್‌ಗಳಲ್ಲಿ ನಮ್ಮ ಕಡೆಯ ಮಗುವಿಗೆ ಯಾವುದು ಸುಲಭ? ಹೊಸ ಭಾಷೆಯ ಭಾರದಲ್ಲಿ ಕನ್ನಡ ಹಿಂದೆ ಬೀಳುವುದಿಲ್ಲವೇ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಮಕ್ಕಳಿಗೆ ಇಂಥ ಭಾಷೆ ಕೊಡಿಸಿದ ಪಾಲಕರು ದಯವಿಟ್ಟು ಬರೆಯಿರಿ.

ನಿವೃತ್ತ ಭಾಷಾ ಶಿಕ್ಷಕ, ನವನಗರ, ಬಾಗಲಕೋಟೆ

ತಂಗಿ, ನಿಮ್ಮ ನಮೂನೆಯಲ್ಲಿ ಭಾಷೆಗಳ ಹೆಸರುಗಳಿವೆ. ವಾರಕ್ಕೆ ಎಷ್ಟು ಪಿರಿಯಡ್, ಎಷ್ಟು ವರ್ಷ, ಕಲಿಸುವವರು ಯಾರು ಎಂಬುದು ಇಲ್ಲ. ಭಾಷೆ ಯಾವುದೇ ಇರಲಿ, ಮಗುವಿಗೆ ಎಷ್ಟು ದಕ್ಕುತ್ತದೆ ಎಂಬುದು ಈ ಮೂರರಿಂದಲೇ ನಿರ್ಧಾರವಾಗುತ್ತದೆ. ಆದ್ದರಿಂದ ಯಾವ ದೇಶಕ್ಕೆ ಹೋಗಲು ಅನುಕೂಲ ಎಂಬ ಚರ್ಚೆಗಿಂತ ಮೊದಲು ಈ ಮೂರನ್ನು ಶಾಲೆಯವರಿಂದ ಬರಹದಲ್ಲಿ ಪಡೆಯಿರಿ.

ಯುರೋಪಿನ ಭಾಷೆಗಳನ್ನು ಅಳೆಯಲು ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಒಂದು ಚೌಕಟ್ಟು ಇದೆ: ಎ1, ಎ2, ಬಿ1, ಬಿ2, ಸಿ1, ಸಿ2. ಹೆಸರು ಹೇಳುವುದು, ಬೆಲೆ ಕೇಳುವುದು, ನಾಲ್ಕು ಸಾಲಿನ ಪರಿಚಯ ಬರೆಯುವುದು ಎ1. ಊರಿನಲ್ಲಿ ಒಬ್ಬರೇ ಓಡಾಡಿ, ತಮ್ಮ ಅಭಿಪ್ರಾಯವನ್ನು ಸರಳವಾಗಿ ಹೇಳುವಷ್ಟು ಬಂದರೆ ಬಿ1. ಜರ್ಮನ್ ಕಲಿಸುವ ಗೋಥೆ ಸಂಸ್ಥೆಯ ಅಂದಾಜಿನಂತೆ 45 ನಿಮಿಷಗಳ ಪಾಠಗಳಲ್ಲಿ ಲೆಕ್ಕ ಹಾಕಿದರೆ ಎ1 ಮುಗಿಸಲು 80ರಿಂದ 200, ಬಿ1 ಮುಟ್ಟಲು 350ರಿಂದ 650, ಬಿ2 ಮುಟ್ಟಲು 600ರಿಂದ 800 ಪಾಠಗಳು ಬೇಕು. ಈಗ ಶಾಲೆಯ ಲೆಕ್ಕ ನೋಡೋಣ. ವಾರಕ್ಕೆ 40 ನಿಮಿಷಗಳ ಮೂರು ಪಿರಿಯಡ್ ಎಂದರೆ ಎರಡು ಗಂಟೆ. ಪರೀಕ್ಷೆ, ಸ್ನೇಹಸಮ್ಮೇಳನ, ರಜೆಗಳನ್ನು ಕಳೆದು ವರ್ಷಕ್ಕೆ 30 ವಾರ ಪಾಠ ನಡೆದರೆ 60 ಗಂಟೆ. ಆರು, ಏಳು, ಎಂಟನೇ ಇಯತ್ತೆ ಸೇರಿ 180 ಗಂಟೆ. ಇದು 240 ಪಾಠಗಳಿಗೆ ಸಮ. ಅಂದರೆ ಎಲ್ಲವೂ ಸರಿಯಾಗಿ ನಡೆದರೆ ಮಗು ಎ1 ದಾಟಿ ಎ2ರ ನಡುವೆ ಎಲ್ಲೋ ನಿಲ್ಲುತ್ತದೆ. ಆ ಅಂದಾಜು ಮಾಡಿರುವುದು ಚಿಕ್ಕ ತರಗತಿಗಳನ್ನು ಗಮನದಲ್ಲಿಟ್ಟುಕೊಂಡು. ನಮ್ಮಲ್ಲಿ ಒಂದು ಕೋಣೆಯಲ್ಲಿ 40 ಮಕ್ಕಳು ಕೂಡುತ್ತಾರೆ ಎಂಬುದನ್ನೂ ಸೇರಿಸಿ ನೋಡಿರಿ.

ಇದರಿಂದ ಕಲಿಯುವುದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ವರ್ಷದ ಮಗುವಿನ ಕಿವಿ ಹೊಸ ಧ್ವನಿಗಳನ್ನು ಹಿಡಿಯುವ ರೀತಿ ದೊಡ್ಡವರಿಗೆ ಬರುವುದಿಲ್ಲ. ಇನ್ನೊಂದು ವ್ಯಾಕರಣವನ್ನು ನೋಡಿದ ಮಗು ತನ್ನ ಭಾಷೆಯ ವ್ಯಾಕರಣವನ್ನೂ ಕಣ್ತೆರೆದು ನೋಡುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದ್ದ ಮಕ್ಕಳಿಗೆ ಅವು ಯಾಕಿವೆ ಎಂಬುದು ಇನ್ನೊಂದು ಭಾಷೆಯನ್ನು ಕಲಿಯುವಾಗ ಹೊಳೆದದ್ದನ್ನು ನಾನು ತರಗತಿಯಲ್ಲಿಯೇ ಕಂಡಿದ್ದೇನೆ. ಆದರೆ ಮೂರು ವರ್ಷದ ಶಾಲಾ ಜರ್ಮನ್ ನೌಕರಿ ತಂದುಕೊಡುತ್ತದೆ ಎಂಬ ನಂಬಿಕೆಯಿಂದ ಆರಿಸಬೇಡಿರಿ. ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಅವರು ಇಪ್ಪತ್ತೊಂದರ ವಯಸ್ಸಿನಲ್ಲಿ, 1853ರಲ್ಲಿ ನಮ್ಮ ನಾಡಿಗೆ ಬಂದು ಕನ್ನಡ ಕಲಿತರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಇಪ್ಪತ್ತರ ನಂತರವೂ ಭಾಷೆಯೊಂದು ಅಷ್ಟು ಆಳವಾಗಿ ಒಲಿಯಬಲ್ಲದು ಎಂದಮೇಲೆ, ಆರನೇ ಇಯತ್ತೆಯಲ್ಲಿ ಬಿಟ್ಟುಹೋದರೆ ಎಲ್ಲವೂ ಹೋಯಿತು ಎಂಬ ಆತಂಕ ಬೇಡ.

ಫೌಂಡ್ರಿ ಇಂಜಿನಿಯರ್, ಉದ್ಯಮಬಾಗ, ಬೆಳಗಾವಿ

ಗುರುಗಳು ಹೇಳಿದ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ಜರ್ಮನ್ ಪರವಾಗಿ ಕೆಲವು ಮಾತುಗಳನ್ನು ಹೇಳಬೇಕಾಗಿದೆ. ಬೆಳಗಾವಿ ಎರಕದ ಕೆಲಸದ ಊರು. ಪಂಪು, ವಾಲ್ವು, ವಾಹನದ ಬಿಡಿಭಾಗಗಳ ಎರಕ ಇಲ್ಲಿಂದ ದೂರದೂರಕ್ಕೆ ಹೋಗುತ್ತದೆ. ನಾನು ಕೆಲಸ ಮಾಡುವಲ್ಲಿ ಜರ್ಮನಿಯಿಂದ ತಂದ ಹಳೆಯ ಮೋಲ್ಡಿಂಗ್ ಯಂತ್ರವೊಂದಿದೆ. ಅದರ ಕಂಟ್ರೋಲ್ ಪ್ಯಾನಲ್ ಮೇಲಿನ ಪ್ರತಿಯೊಂದು ಗುಂಡಿಯ ಕೆಳಗೂ ಜರ್ಮನ್ ಶಬ್ದವಿದ್ದು, ಅದರ ಮೇಲೆ ನಮ್ಮ ಹಿರಿಯ ಆಪರೇಟರ್ ಒಬ್ಬರು ಕನ್ನಡದಲ್ಲಿ ಬರೆದು ಪಾರದರ್ಶಕ ಟೇಪಿನಿಂದ ಅಂಟಿಸಿದ ಚೀಟಿಗಳಿವೆ. ಎಣ್ಣೆಯ ಕೈ ತಾಗಿ ತಾಗಿ ಚೀಟಿಗಳು ಹಳದಿಯಾಗಿವೆ, ಅಕ್ಷರ ಮಾತ್ರ ಓದಲು ಬರುತ್ತದೆ. ಯಂತ್ರ ಕೆಟ್ಟಾಗ ಕೈಪಿಡಿಯನ್ನು ನೇರವಾಗಿ ಓದಬಲ್ಲವರು ಒಬ್ಬರಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಓದಿನ ವಿಷಯವನ್ನೂ ಸ್ಪಷ್ಟವಾಗಿ ತಿಳಿಯುವುದು ಒಳ್ಳೆಯದು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಪಡೆಯುವುದಿಲ್ಲ. ಆದರೆ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ತೆಗೆದುಕೊಳ್ಳುತ್ತದೆ. ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ, ಊಟ ವಸತಿಯ ಹಣವನ್ನು ಮೊದಲೇ ತೋರಿಸಬೇಕು. ಪದವಿ ತರಗತಿಗಳಲ್ಲಿ ಬಹುಪಾಲು ಜರ್ಮನ್‌ನಲ್ಲಿಯೇ ನಡೆಯುತ್ತವೆ, ಅದಕ್ಕೆ ಸಾಮಾನ್ಯವಾಗಿ ಸಿ1 ಮಟ್ಟ ಕೇಳುತ್ತಾರೆ. ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸುಗಳು ಸ್ನಾತಕೋತ್ತರದಲ್ಲಿ ಹೆಚ್ಚು. ನರ್ಸಿಂಗ್ ಓದಿದವರು ಅಲ್ಲಿ ಕೆಲಸಕ್ಕೆ ಸೇರಬೇಕಾದರೆ ಸಾಮಾನ್ಯವಾಗಿ ಬಿ2 ಬೇಕು. ಇವೆಲ್ಲವೂ ಶಾಲೆಯ ಮೂರು ವರ್ಷಕ್ಕೆ ಎಟುಕುವಂಥವಲ್ಲ ಎಂಬುದು ನಿಜ. ಆದರೆ ಎ2 ಹತ್ತಿರ ಬಂದು ನಿಂತ ಹುಡುಗಿ ಹದಿನೆಂಟರಲ್ಲಿ ಮತ್ತೆ ಆರಂಭಿಸುವಾಗ, ಏನೂ ತಿಳಿಯದವಳಿಗಿಂತ ಬಹಳ ಮುಂದೆ ಇರುತ್ತಾಳೆ.

ಸುಲಭವೇ ಎಂದು ಕೇಳಿದ್ದೀರಿ. ಜರ್ಮನ್ ಉಚ್ಚಾರ ಬಹುಮಟ್ಟಿಗೆ ಬರೆದಂತೆ ಇರುತ್ತದೆ, ಇದು ನಮಗೆ ಅನುಕೂಲ. ಕಷ್ಟವಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಮೇಜು, ಕುರ್ಚಿ ಎಲ್ಲವೂ ನಪುಂಸಕ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಪುಸ್ತಕ ನಪುಂಸಕ. ಆದರೆ ಅಕ್ಕನವರೇ, ನಿಮ್ಮ ಮಗಳಿಗೆ ಓಣಿಯ ಮರಾಠಿ ಬರುತ್ತದೆ ಎಂದಿರಿ. ಮರಾಠಿಯಲ್ಲಿಯೂ ನಿರ್ಜೀವ ವಸ್ತುಗಳಿಗೆ ಮೂರು ಲಿಂಗಗಳಿವೆ, ಮತ್ತು ಅವಳು ಅದನ್ನು ಯಾವ ಪಾಠವೂ ಇಲ್ಲದೆ ಕಲಿತಿದ್ದಾಳೆ. ಬೆಳಗಾವಿಯ ಮಕ್ಕಳಿಗೆ ಇದೊಂದು ದೊಡ್ಡ ಬಂಡವಾಳ, ಇದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಜಲನಗರದ ಪಾಲಕಿ, ವಿಜಯಪುರ

ನನ್ನ ಮಗ ಮೂರು ವರ್ಷ ಫ್ರೆಂಚ್ ಓದಿದ್ದಾನೆ. ಶಾಲೆಯ ಹೆಸರು ಹೇಳುವುದಿಲ್ಲ, ಆದರೆ ಏನಾಯಿತು ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು. ಆರನೇ ಇಯತ್ತೆಯಲ್ಲಿ ಬಂದ ಶಿಕ್ಷಕಿ ಬಹಳ ಚೆನ್ನಾಗಿ ಕಲಿಸುತ್ತಿದ್ದರು. ಮಕ್ಕಳು ಬೆಳಗಿನ ನಮಸ್ಕಾರವನ್ನೂ ಹಾಜರಿಯನ್ನೂ ಫ್ರೆಂಚ್‌ನಲ್ಲಿಯೇ ಹೇಳುತ್ತಿದ್ದರು. ಮರುವರ್ಷ ಅವರು ಬೇರೆ ಊರಿಗೆ ಹೋದರು. ಅವರ ಜಾಗಕ್ಕೆ ದೀಪಾವಳಿಯವರೆಗೆ ಯಾರೂ ಬರಲಿಲ್ಲ. ಆ ಪಿರಿಯಡ್‌ನಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟರು. ನಂತರ ಬಂದವರು ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸಿದರು.

ಮಗನ ನೋಟ್‌ಬುಕ್ ಇನ್ನೂ ಮನೆಯಲ್ಲಿದೆ. ಅಕ್ಷರ ಮುತ್ತಿನಂತಿದೆ, ಎಲ್ಲ ಪುಟಗಳಿಗೂ ಕೆಂಪು ಗುರುತು ಬಿದ್ದಿದೆ, ಒಂದು ಸಾಲನ್ನೂ ಅವನು ತಾನಾಗಿ ಬರೆದದ್ದಲ್ಲ. ವರ್ಷದ ಕೊನೆಗೆ ನೂರಕ್ಕೆ ತೊಂಬತ್ತರ ಮೇಲೆ ಅಂಕ ಬಂದವು. ಬೇಸಿಗೆಯಲ್ಲಿ ಗೋಲಗುಮ್ಮಟ ನೋಡಲು ಬಂದಿದ್ದ ಫ್ರೆಂಚ್ ದಂಪತಿಗಳು ಮಾತನಾಡಿಸಿದಾಗ ಅವನಿಗೆ ತನ್ನ ಹೆಸರಿನ ಆಚೆಗೆ ಒಂದು ಮಾತೂ ಬರಲಿಲ್ಲ. ಆ ಹೊತ್ತಿಗೆ ಅವನ ಮುಖ ಬಾಡಿದ್ದು ನನಗೆ ಬಹಳ ನೋವು ಕೊಟ್ಟಿತು. ಬುದ್ಧಿಯಲ್ಲಿ ಅವನೇನೂ ಕಡಿಮೆಯಿರಲಿಲ್ಲ, ಅವನಿಗೆ ಯಾರೂ ಮಾತನಾಡಲು ಕಲಿಸಿರಲಿಲ್ಲ.

ಆದ್ದರಿಂದ ಅಕ್ಕ, ಅಂಕಗಳ ಮಾತಿಗೆ ಮರುಳಾಗಬೇಡಿರಿ. ವಿದೇಶಿ ಭಾಷೆಯಲ್ಲಿ ಅಂಕ ಸುಲಭವಾಗಿ ಬರುವುದಕ್ಕೆ ಕಾರಣ ಪ್ರಶ್ನೆಪತ್ರಿಕೆ ಸಣ್ಣ ಮಟ್ಟದ್ದಾಗಿರುವುದು. ಸಿಬಿಎಸ್‌ಇಯಲ್ಲಿ ಎಂಟಕ್ಕೆ ಮುಗಿಯುವ ಮೂರನೆಯ ಭಾಷೆಯ ಅಂಕಗಳು ಹತ್ತನೇ ಇಯತ್ತೆಯ ಅಂಕಪಟ್ಟಿಗೆ ಬರುವುದೂ ಇಲ್ಲ.

ಪ್ರವಾಸಿ ಮಾರ್ಗದರ್ಶಿ, ಬಾದಾಮಿ

ಫ್ರೆಂಚ್ ಬಗ್ಗೆ ನನಗೂ ಸ್ವಲ್ಪ ಹೇಳುವುದಿದೆ, ಏಕೆಂದರೆ ಹೊಟ್ಟೆಪಾಡಿಗೆ ಅದನ್ನೇ ನಂಬಿಕೊಂಡಿದ್ದೇನೆ. ಚಳಿಗಾಲದಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಯುರೋಪಿನಿಂದ ಗುಂಪುಗಳು ಬರುತ್ತವೆ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬಂದವರಲ್ಲಿ ಹಲವರಿಗೆ ಇಂಗ್ಲಿಷ್ ತಿಳಿಯುತ್ತದೆ, ಆದರೆ ಹಿರಿಯ ವಯಸ್ಸಿನ ಫ್ರೆಂಚ್ ಪ್ರವಾಸಿಗಳು ತಮ್ಮ ಭಾಷೆಯಲ್ಲಿ ಕೇಳಲು ಇಷ್ಟಪಡುತ್ತಾರೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ 578ರ ಶಾಸನದ ಮುಂದೆ ನಿಂತು ಇಂಗ್ಲಿಷ್‌ನಲ್ಲಿ ವಿವರಿಸಿದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದನ್ನೇ ಫ್ರೆಂಚ್‌ನಲ್ಲಿ ಹೇಳಿದರೆ ನಿಲ್ಲುತ್ತಾರೆ, ಈ ಕಲ್ಲು ಯಾವುದು, ಬಣ್ಣ ಉಳಿದಿದೆಯೇ, ಅಣ್ಣ ಕೀರ್ತಿವರ್ಮನಿಗೂ ತಮ್ಮನಿಗೂ ಹೇಗಿತ್ತು ಎಂದು ಒಂದರ ಮೇಲೊಂದು ಪ್ರಶ್ನೆ ಕೇಳುತ್ತಾರೆ. ಅಲ್ಲಿ ನನ್ನ ಊರಿನ ಕಥೆ ಅವರಿಗೆ ನಿಜವಾಗಿ ತಲುಪುತ್ತದೆ.

ನಾನು ಕಲಿತದ್ದು ದೊಡ್ಡವನಾದ ಮೇಲೆ, ಪುದುಚೇರಿಯಲ್ಲಿ. ವ್ಯಾಕರಣ ಬಂತು, ಓದು ಬಂತು, ಉಚ್ಚಾರವೇ ಬಹಳ ಕಾಡಿತು. ಫ್ರೆಂಚ್‌ನಲ್ಲಿ ಶಬ್ದದ ಕೊನೆಯ ವ್ಯಂಜನವನ್ನು ಬರೆದರೂ ಹೆಚ್ಚಾಗಿ ಉಚ್ಚರಿಸುವುದಿಲ್ಲ, ಮುಂದಿನ ಶಬ್ದ ಸ್ವರದಿಂದ ಆರಂಭವಾದರೆ ಅದೇ ವ್ಯಂಜನ ಎಚ್ಚರಗೊಂಡು ಅದರೊಡನೆ ಸೇರುತ್ತದೆ. ಬರೆದುದನ್ನೆಲ್ಲ ಓದುವ ಕನ್ನಡದ ಅಭ್ಯಾಸಕ್ಕೆ ಇದು ಒಗ್ಗಲು ಬಹಳ ಕಾಲ ಬೇಕು. ಚಿಕ್ಕ ಮಕ್ಕಳಿಗೆ ಇದು ತಾಪತ್ರಯವೇ ಅಲ್ಲ. ಗುಹೆಗಳ ಕೆಳಗೆ ಆಡುವ ಹುಡುಗರು ಪ್ರವಾಸಿಗಳಿಂದ ಕೇಳಿದ ಎರಡು ಮೂರು ವಾಕ್ಯಗಳನ್ನು ನನಗಿಂತ ಶುದ್ಧವಾಗಿ ಹೇಳುತ್ತಾರೆ. ಶಾಲೆಯಲ್ಲಿ ಕಿವಿಗೆ ಕೆಲಸ ಕೊಡುವ ಶಿಕ್ಷಕರಿದ್ದರೆ ಆರನೇ ಇಯತ್ತೆಯಲ್ಲಿ ಫ್ರೆಂಚ್ ಆರಂಭಿಸುವುದು ಬಹಳ ಒಳ್ಳೆಯದು. ಬರೀ ನಕಲು ಮಾಡಿಸುವವರಿದ್ದರೆ ಜಲನಗರದ ಅಕ್ಕನವರು ಹೇಳಿದಂತೆಯೇ ಆಗುತ್ತದೆ.

ಶಾಲಾ ಆಡಳಿತದಲ್ಲಿದ್ದ ಪಾಲಕ, ಟಿಳಕವಾಡಿ, ಬೆಳಗಾವಿ

ಎಲ್ಲರೂ ಭಾಷೆಗಳ ಗುಣವನ್ನು ಹೇಳುತ್ತಿದ್ದೀರಿ, ನಿಯಮದ ಒಂದು ಮುಖ್ಯ ಅಂಶ ಇನ್ನೂ ಬಂದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಮೂರು ಭಾಷೆಗಳ ಪೈಕಿ ಕನಿಷ್ಠ ಎರಡು ಭಾರತದ ಭಾಷೆಗಳಾಗಿರಬೇಕು ಎಂದು ಹೇಳಿದೆ. ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್ ಮೊದಲಾದ ವಿದೇಶಿ ಭಾಷೆಗಳನ್ನು ಪ್ರೌಢ ಹಂತದಲ್ಲಿ ಕಲಿಸಬಹುದು ಎಂದೂ ಅದೇ ನೀತಿಯಲ್ಲಿದೆ. 2023ರ ಶಾಲಾ ಪಠ್ಯಕ್ರಮ ಚೌಕಟ್ಟು ಇದನ್ನೇ ಮುಂದುವರಿಸಿ, ಮೂರು ಭಾಷೆಗಳ ಓದನ್ನು ಹತ್ತನೇ ಇಯತ್ತೆಯವರೆಗೂ ಒಯ್ಯುತ್ತದೆ.

ಈಗ ತಂಗಿಯವರ ಮಗಳ ಭಾಷೆಗಳನ್ನು ನೋಡಿರಿ: ಇಂಗ್ಲಿಷ್, ಕನ್ನಡ, ಮತ್ತು ಬರಲಿರುವ ಫ್ರೆಂಚ್ ಅಥವಾ ಜರ್ಮನ್. ಇದರಲ್ಲಿ ಭಾರತದ ಭಾಷೆ ಒಂದೇ, ಕನ್ನಡ. ಆ ನಿಯಮವನ್ನು ಅಕ್ಷರಶಃ ಜಾರಿ ಮಾಡಿದ ದಿನ ಶಾಲೆಯು ಈ ಮಕ್ಕಳನ್ನು ಹಿಂದಿಗೋ ಸಂಸ್ಕೃತಕ್ಕೋ ಮರಾಠಿಗೋ ತಿರುಗಿಸಬೇಕಾಗುತ್ತದೆ, ವಿದೇಶಿ ಭಾಷೆ ನಾಲ್ಕನೆಯದಾಗಿ ಉಳಿಯಬಹುದು ಅಥವಾ ನಿಂತೇ ಹೋಗಬಹುದು. ಇಂಥದ್ದು ಹಿಂದೆಯೂ ನಡೆದಿದೆ. 2014ರ ಕೊನೆಯಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೆಯ ಭಾಷೆಯಾಗಿದ್ದ ಜರ್ಮನ್ ಅನ್ನು ತೆಗೆದು ಸಂಸ್ಕೃತವನ್ನು ತರಲು ವರ್ಷದ ನಡುವೆ ನಿರ್ಧಾರವಾಗಿ, ಪಾಲಕರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ನಮ್ಮ ರಾಜ್ಯದಲ್ಲಿ ಪ್ರೊ. ಸುಖದೇವ ಥೋರಾಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ದ್ವಿಭಾಷಾ ನೀತಿಯನ್ನು ಶಿಫಾರಸು ಮಾಡಿದೆ. ದೆಹಲಿಯ ದಾರಿ ಒಂದು ಕಡೆ, ಬೆಂಗಳೂರಿನ ದಾರಿ ಇನ್ನೊಂದು ಕಡೆ ಇರುವಾಗ ಪಾಲಕರು ಎಚ್ಚರದಿಂದ ಇರಬೇಕು. ನಿಯಮ ಬದಲಾದರೆ ಈ ತಂಡದ ಮಕ್ಕಳನ್ನು ಏನು ಮಾಡುತ್ತೀರಿ ಎಂದು ಪ್ರಾಚಾರ್ಯರನ್ನು ನೇರವಾಗಿ ಕೇಳಿರಿ.

ಕನ್ನಡದ ಬಗ್ಗೆ ಒಂದು ಭರವಸೆ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳು, ಬೋರ್ಡ್ ಯಾವುದೇ ಇರಲಿ, ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. ವಿದೇಶಿ ಭಾಷೆಗಾಗಿ ಕನ್ನಡವನ್ನು ಬಿಡಿರಿ ಎಂದು ಯಾವ ಶಾಲೆಯಾದರೂ ಸೂಚಿಸಿದರೆ ಅದನ್ನು ಒಪ್ಪಬೇಡಿರಿ.

ಇತಿಹಾಸ ಉಪನ್ಯಾಸಕ, ವಿಜಯಪುರ

ವಿದೇಶಿ ಭಾಷೆ ಎಂದ ಕೂಡಲೇ ನಾವು ಯುರೋಪಿನ ಕಡೆಗೆ ಮುಖ ಮಾಡುತ್ತೇವೆ. ರಾಜ್ಯ ಪಠ್ಯಕ್ರಮದಲ್ಲಿ ಓದುವ ಮಕ್ಕಳ ಪಾಲಕರಿಗಾಗಿ ಒಂದು ಮಾತು ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿಯ ಮೂರನೆಯ ಭಾಷೆಯ ಪಟ್ಟಿಯಲ್ಲಿ ಫ್ರೆಂಚ್, ಜರ್ಮನ್ ಇಲ್ಲ, ಆದರೆ ಅರಬ್ಬಿ ಮತ್ತು ಪಾರ್ಸಿ, ಅಂದರೆ ಪರ್ಶಿಯನ್, ಇವೆ. ಪಿಯುಸಿಗೆ ಬಂದರೆ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಕೂಡ ಸಿಗುತ್ತದೆ.

ಪಾರ್ಸಿಯ ಮಾತು ಎತ್ತಿದ್ದು ಅಭಿಮಾನದಿಂದ ಮಾತ್ರವಲ್ಲ. ಆದಿಲ್‌ಶಾಹಿ ಕಾಲದ ಈ ಊರಿನ ಆಡಳಿತದ ಕಾಗದಪತ್ರಗಳಲ್ಲಿ ಹಲವು ಪಾರ್ಸಿಯಲ್ಲಿವೆ. ಗೋಲಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ ವರ್ಷವನ್ನು, ಅಂದರೆ 1656ನ್ನು, ತಿಳಿಸುವ ಬರಹವಿರುವುದು ಪಾರ್ಸಿಯಲ್ಲಿ. ಫಿರಿಶ್ತಾ ತನ್ನ ದೊಡ್ಡ ಇತಿಹಾಸ ಗ್ರಂಥವನ್ನು ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಇಲ್ಲಿಯೇ ಪಾರ್ಸಿಯಲ್ಲಿ ಬರೆದ. ಹಳಗನ್ನಡ, ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ, ಪಾರ್ಸಿ ಮೂರನ್ನೂ ಬಲ್ಲ ಒಬ್ಬ ತರುಣ ಅಥವಾ ತರುಣಿ ನಮ್ಮ ಜಿಲ್ಲೆಯಿಂದ ಹೊರಬಂದರೆ, ದಖನ್ನಿನ ಇತಿಹಾಸ ಬರೆಯುವ ಕೆಲಸಕ್ಕೆ ಅವರಿಗಿಂತ ಯೋಗ್ಯರು ಸಿಗುವುದು ಕಷ್ಟ. ನನ್ನ ವಿದ್ಯಾರ್ಥಿಗಳು ಮೂಲ ದಾಖಲೆಯನ್ನು ಬಿಟ್ಟು ಇಂಗ್ಲಿಷ್ ಅನುವಾದವನ್ನೇ ಉಲ್ಲೇಖಿಸಬೇಕಾಗಿ ಬಂದಾಗಲೆಲ್ಲ ಇದು ನನ್ನನ್ನು ಚುಚ್ಚುತ್ತದೆ. ಮನೆಯಲ್ಲಿ ಉರ್ದು ಓದಬಲ್ಲ ಮಕ್ಕಳಿಗೆ ಲಿಪಿಯ ಪರಿಚಯ ಮೊದಲೇ ಇರುತ್ತದೆ. ಇತರರು ಬಲದಿಂದ ಎಡಕ್ಕೆ ಓದುವುದನ್ನು ಹೊಸದಾಗಿ ಅಭ್ಯಾಸ ಮಾಡಬೇಕು.

ಹಿಂದವಾಡಿಯ ತಂಗಿಯವರ ನಮೂನೆಯಲ್ಲಿ ಈ ಆಯ್ಕೆ ಇಲ್ಲವೆಂದು ಗೊತ್ತಿದೆ. ಈ ಚರ್ಚೆಯನ್ನು ಓದುವ ಬೇರೆ ಪಾಲಕರಿಗಾಗಿ ಬರೆದೆ.

ಮುಧೋಳದವನು, ಈಗ ಬೆಂಗಳೂರಿನಲ್ಲಿ

ನಾನು ಕೆಲಸದ ಜೊತೆಗೆ ಜಪಾನಿ ಕಲಿಯುತ್ತಿದ್ದೇನೆ. ಶಾಲೆಯಲ್ಲಿ ಸಿಗದ ಭಾಷೆಯನ್ನೂ ಮಗು ಮುಂದೆ ಕಲಿಯಬಹುದು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಮಾತನಾಡುವವರಿಗೆ ಜಪಾನಿ ಅತಿ ಕಠಿಣ ಭಾಷೆಗಳಲ್ಲೊಂದು ಎಂದು ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ವರ್ಗೀಕರಿಸಿದೆ. ಅವರ ಲೆಕ್ಕದಲ್ಲಿ ಅದಕ್ಕೆ 2200 ತರಗತಿ ಗಂಟೆಗಳು ಬೇಕು. ಆದರೆ ಆ ಲೆಕ್ಕ ಕನ್ನಡಿಗರನ್ನು ಇಟ್ಟುಕೊಂಡು ಮಾಡಿದ್ದಲ್ಲ. "ನಾನು ಶಾಲೆಗೆ ಹೋಗುತ್ತೇನೆ" ಎಂಬುದನ್ನು ಜಪಾನಿಯಲ್ಲಿ "ವಾತಾಶಿ ವಾ ಗಾಕ್ಕೋ ನಿ ಇಕಿಮಾಸು" ಎನ್ನುತ್ತಾರೆ. ಮೊದಲು ನಾನು, ಆಮೇಲೆ ಶಾಲೆ, ಅದರ ಬೆನ್ನಿಗೆ 'ಗೆ' ಎಂಬ ಪ್ರತ್ಯಯ, ಕೊನೆಗೆ ಕ್ರಿಯಾಪದ: ನಮ್ಮ ವಾಕ್ಯದ ಕ್ರಮವೇ ಅದು. ದೊಡ್ಡವರೊಡನೆ ಒಂದು ರೀತಿ, ಗೆಳೆಯರೊಡನೆ ಇನ್ನೊಂದು ರೀತಿ ಮಾತನಾಡುವುದೂ ನಮಗೆ ಹೊಸದಲ್ಲ.

ಕಷ್ಟವಿರುವುದು ಬರವಣಿಗೆಯಲ್ಲಿ. ಎರಡು ಅಕ್ಷರಮಾಲೆಗಳಲ್ಲಿ ತಲಾ 46 ಮೂಲ ಅಕ್ಷರಗಳು, ಅದರ ಮೇಲೆ ನಿತ್ಯ ಬಳಕೆಗೆಂದು ಜಪಾನ್ ಸರ್ಕಾರ ಪಟ್ಟಿ ಮಾಡಿದ 2136 ಚಿತ್ರಾಕ್ಷರಗಳು. ಪರೀಕ್ಷೆ ಎನ್5ರಿಂದ ಎನ್1ರವರೆಗೆ ಐದು ಮಟ್ಟಗಳಲ್ಲಿ ನಡೆಯುತ್ತದೆ. ಇದನ್ನು ವಾರಕ್ಕೆ ಮೂರು ಪಿರಿಯಡ್‌ನಲ್ಲಿ ಕಲಿಯಲು ಆಗದು, ದಿನವೂ ಸ್ವಲ್ಪ ಸ್ವಲ್ಪ ಬರೆಯಬೇಕು. ನನ್ನ ತರಗತಿಯಲ್ಲಿ ಕನ್ನಡ ಅಥವಾ ತಮಿಳು ಮಾಧ್ಯಮದಲ್ಲಿ ಓದಿ ಬಂದವರು ವಾಕ್ಯ ಕಟ್ಟುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದಾರೆ. ತಾಯ್ನುಡಿಯ ವ್ಯಾಕರಣ ಗಟ್ಟಿಯಾಗಿದ್ದರೆ ಮುಂದಿನದು ಸಲೀಸು ಎಂಬುದನ್ನು ನಾನು ಅಲ್ಲಿ ದಿನವೂ ನೋಡುತ್ತೇನೆ, ಅಕ್ಕನವರೇ. ಮಗಳ ಕನ್ನಡವನ್ನು ಬಿಗಿಯಾಗಿ ಹಿಡಿದುಕೊಳ್ಳಿರಿ.

ಹಿಂದವಾಡಿಯ ತಾಯಿ, ಬೆಳಗಾವಿ

ಎಲ್ಲರಿಗೂ ಅನಂತ ಧನ್ಯವಾದಗಳು. ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು ಯಜಮಾನರೊಡನೆ ಶಾಲೆಗೆ ಹೋಗಿ ಬಂದೆ. ಪ್ರಾಚಾರ್ಯರು ಸಮಾಧಾನದಿಂದ ಉತ್ತರಿಸಿದರು. ವಾರಕ್ಕೆ ಮೂರು ಪಿರಿಯಡ್, ಎಂಟನೇ ಇಯತ್ತೆಯವರೆಗೆ. ಜರ್ಮನ್ ಶಿಕ್ಷಕಿ ಕಾಯಂ ನೌಕರಿಯಲ್ಲಿದ್ದಾರೆ, ಬಿ2 ಮುಗಿಸಿದ್ದಾರೆ, ಇದೇ ಊರಿನವರು. ಫ್ರೆಂಚ್ ಶಿಕ್ಷಕರು ಗೋವೆಯಿಂದ ವಾರಕ್ಕೆ ಎರಡು ದಿನ ಬರುತ್ತಾರೆ, ಅವರ ಕರಾರು ವರ್ಷ ವರ್ಷಕ್ಕೆ ನವೀಕರಣವಾಗುತ್ತದೆ. ನಿಯಮ ಬದಲಾದರೆ ಹಿಂದಿಯನ್ನು ಮೂರನೆಯ ಭಾಷೆಯಾಗಿ ಮಾಡಿ, ಜರ್ಮನ್ ಅನ್ನು ಶನಿವಾರದ ಹೆಚ್ಚುವರಿ ತರಗತಿಯಾಗಿ ಮುಂದುವರಿಸುತ್ತೇವೆ ಎಂದು ಹೇಳಿದ್ದಾರೆ, ಬರಹದಲ್ಲಿ ಇನ್ನೂ ಕೊಟ್ಟಿಲ್ಲ. ಮಗಳು ಗೆಳತಿಯ ಕಾರಣದಿಂದ ಇನ್ನೂ ಫ್ರೆಂಚ್ ಎನ್ನುತ್ತಿದ್ದಾಳೆ. ಶಿಕ್ಷಕಿಯ ಪಾಠವನ್ನು ನೋಡಲು ಅನುಮತಿ ಕೇಳಿದ್ದೇನೆ. ಅಲ್ಲಿ ಏನನ್ನು ಗಮನಿಸಬೇಕು ಎಂದು ಗುರುಗಳು ದಯವಿಟ್ಟು ತಿಳಿಸಬೇಕು.

ನಿವೃತ್ತ ಭಾಷಾ ಶಿಕ್ಷಕ, ನವನಗರ, ಬಾಗಲಕೋಟೆ

ಬಹಳ ಸಂತೋಷ, ತಂಗಿ. ತರಗತಿಯಲ್ಲಿ ಕುಳಿತಾಗ ಶಿಕ್ಷಕಿಯ ಕಡೆ ನೋಡುವುದಕ್ಕಿಂತ ಹಿಂದಿನ ಬೆಂಚಿನ ಮಕ್ಕಳ ಕಡೆ ನೋಡಿರಿ. ನಲವತ್ತು ನಿಮಿಷದಲ್ಲಿ ಎಷ್ಟು ಮಕ್ಕಳ ಬಾಯಿಂದ ಜರ್ಮನ್ ವಾಕ್ಯ ಹೊರಬಂತು ಎಂಬುದು ಮುಖ್ಯ. ಒಕ್ಕೊರಲಿನಿಂದ ಹೇಳಿದ್ದನ್ನು ಇದಕ್ಕೆ ಸೇರಿಸಬೇಡಿರಿ. ತಪ್ಪು ಮಾಡಿದ ಮಗುವನ್ನು ಅವರು ಹೇಗೆ ತಿದ್ದುತ್ತಾರೆ ಎಂಬುದನ್ನೂ ನೋಡಿರಿ. ಅಲ್ಲಿಯೇ ಸರಿಯಾದ ರೂಪವನ್ನು ಹೇಳಿ ಮತ್ತೆ ಮಾತನಾಡಿಸಿದರೆ ಒಳ್ಳೆಯ ಲಕ್ಷಣ. ತಪ್ಪಿಗೆ ನಗುವ ವಾತಾವರಣವಿದ್ದರೆ ನಾಚುವ ಸ್ವಭಾವದ ಮಕ್ಕಳು ವರ್ಷವಿಡೀ ಬಾಯಿ ತೆರೆಯುವುದಿಲ್ಲ. ಏಳನೇ ಇಯತ್ತೆಯ ಒಂದು ನೋಟ್‌ಬುಕ್ ಕೇಳಿ ಪಡೆದು, ಮಗು ತನ್ನ ಮನೆಯ ಬಗ್ಗೆ, ತನ್ನ ಊರಿನ ಬಗ್ಗೆ ತಾನೇ ಬರೆದ ಸಾಲುಗಳಿವೆಯೇ ನೋಡಿರಿ. ಬೆಳಗಾವಿಯ ಕುಂದಾದ ಬಗ್ಗೆ ತಪ್ಪು ತಪ್ಪಾಗಿ ಬರೆದ ಎರಡು ಸಾಲು, ಪುಸ್ತಕದಿಂದ ನಕಲು ಮಾಡಿದ ಬರ್ಲಿನ್ ಬಗೆಗಿನ ಎರಡು ಪುಟಕ್ಕಿಂತ ಹೆಚ್ಚಿನ ಕಲಿಕೆ.

ಗೆಳತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಭಾಷೆ ಕಲಿಯಲು ಜೊತೆಗೆ ಮಾತನಾಡುವವರು ಬೇಕು. ಆದರೆ ಫ್ರೆಂಚ್ ಶಿಕ್ಷಕರ ಕರಾರು ವರ್ಷದ್ದಾಗಿದ್ದರೆ ಗೆಳತಿಯ ಪಾಲಕರಿಗೂ ಈ ಮಾಹಿತಿ ತಿಳಿಯಬೇಕಲ್ಲವೇ? ಅವರೊಡನೆ ಮಾತನಾಡಿರಿ. ಅತ್ತೆಯವರ ಸಂಸ್ಕೃತವನ್ನೂ ಕಡೆಗಣಿಸಬೇಕಾಗಿಲ್ಲ. ಅಜ್ಜಿಯೇ ಸಂಜೆ ಸುಭಾಷಿತಗಳನ್ನು ಹೇಳಿಕೊಟ್ಟರೆ ಅದಕ್ಕೆ ಪರೀಕ್ಷೆಯ ಅಗತ್ಯವಿಲ್ಲ.

ಫೌಂಡ್ರಿ ಇಂಜಿನಿಯರ್, ಉದ್ಯಮಬಾಗ, ಬೆಳಗಾವಿ

ಒಂದು ಸೇರ್ಪಡೆ. ಸಿಬಿಎಸ್‌ಇಯಲ್ಲಿ ಒಂಬತ್ತು, ಹತ್ತನೇ ಇಯತ್ತೆಯಲ್ಲಿ ಮತ್ತೊಂದು ಭಾಷೆಯನ್ನು ಹೆಚ್ಚುವರಿ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಎಂಟಕ್ಕೆ ನಿಲ್ಲಿಸದೆ ಹತ್ತರವರೆಗೆ ಒಯ್ಯುವ ಮನಸ್ಸಿದ್ದರೆ, ಅದನ್ನು ಶಾಲೆ ನಡೆಸುತ್ತದೆಯೇ ಎಂದು ಈಗಲೇ ಕೇಳಿಕೊಳ್ಳಿರಿ. ಐದು ವರ್ಷ ನಡೆದರೆ ಗುರುಗಳ ಲೆಕ್ಕದಂತೆ 400 ಪಾಠಗಳಾಗುತ್ತವೆ, ಬಿ1 ಕಣ್ಣಿಗೆ ಕಾಣುವ ದೂರಕ್ಕೆ ಬರುತ್ತದೆ.

ಹಿಂದವಾಡಿಯ ತಾಯಿ, ಬೆಳಗಾವಿ

ತರಗತಿ ನೋಡಿ ಬಂದೆ. ಹಿಂದಿನ ಬೆಂಚಿನ ಇಬ್ಬರು ಹುಡುಗರು ಅಂಗಡಿಯವ ಮತ್ತು ಗಿರಾಕಿಯಾಗಿ ಎದ್ದು ನಿಂತು ಬಾಳೆಹಣ್ಣಿನ ದರಕ್ಕೆ ಚೌಕಾಸಿ ಮಾಡಿದರು. ಒಬ್ಬ ಸಂಖ್ಯೆಯನ್ನು ತಪ್ಪಿ ಹೇಳಿದಾಗ ಶಿಕ್ಷಕಿ ಅವನ ಪಕ್ಕಕ್ಕೆ ಹೋಗಿ ಬೆರಳೆಣಿಸಿ ಮತ್ತೆ ಹೇಳಿಸಿದರು, ಯಾರೂ ನಗಲಿಲ್ಲ. ಗೆಳತಿಯ ತಾಯಿಯೊಡನೆ ಮಾತನಾಡಿದ ಮೇಲೆ ಅವರೂ ಜರ್ಮನ್ ಕಡೆಗೆ ಒಲಿದಿದ್ದಾರೆ, ಹೀಗಾಗಿ ಮಗಳ ಹಟವೂ ಇಳಿದಿದೆ. ನಮೂನೆಯಲ್ಲಿ ಜರ್ಮನ್‌ಗೆ ಗುರುತು ಹಾಕಿ, ನಿಯಮ ಬದಲಾದರೆ ಶನಿವಾರದ ತರಗತಿ ನಡೆಸುವ ಮಾತನ್ನು ಬರಹದಲ್ಲಿ ಕೊಡಬೇಕೆಂಬ ವಿನಂತಿ ಪತ್ರವನ್ನೂ ಜೊತೆಗಿಟ್ಟು ಕಳಿಸಿದ್ದೇವೆ. ಒಂಬತ್ತು, ಹತ್ತಕ್ಕೆ ಹೆಚ್ಚುವರಿ ವಿಷಯವಾಗಿ ನಡೆಸಲು ಕನಿಷ್ಠ ಹತ್ತು ಮಕ್ಕಳಾದರೂ ಬೇಕು ಎಂದು ಪ್ರಾಚಾರ್ಯರು ಹೇಳಿದ್ದಾರೆ. ಟಿಳಕವಾಡಿ, ಹಿಂದವಾಡಿ, ಶಹಾಪುರದ ಕಡೆಯ ಪಾಲಕರಲ್ಲಿ ಯಾರಿಗೆ ಆಸಕ್ತಿ ಇದೆಯೋ ಅವರು ಇಲ್ಲಿ ತಿಳಿಸಿದರೆ, ಎಲ್ಲರೂ ಸೇರಿ ಒಂದೇ ಅರ್ಜಿ ಕೊಡೋಣ.